ರೆಸ್ಯೂಮೆ ಪುರಾಣ
ನಮ್ಮ ಹುಡುಗರ ರೆಸ್ಯೂಮೆಯಲ್ಲಿ ಕೆಲಸದ ವಿಷಯ ಬಿಟ್ಟು ಮಿಕ್ಕೆಲ್ಲ ಇರುತ್ತದೆ. ತಂದೆಯ ಹೆಸರು, ಅವಿವಾಹಿತನೆಂಬ ಘೋಷಣೆ, ಹವ್ಯಾಸದ ಎದುರು ‘ಕ್ರಿಕೆಟ್ ನೋಡುವುದು’, ಕೊನೆಗೆ ‘ಮೇಲಿನದೆಲ್ಲ ಸತ್ಯ’ ಎಂಬ ಪ್ರಮಾಣ, ಸ್ಥಳ, ದಿನಾಂಕ. ಕೋಟು ತೊಟ್ಟ ಫೋಟೊ ಬೇರೆ! ಎಚ್‌ಆರ್‌ನವರು ಕೆಲಸ ಕೊಡಬೇಕೋ ಹೆಣ್ಣು ಕೊಡಬೇಕೋ ಪಾಪ. ಎಸ್ಸೆಸ್ಸೆಲ್ಸಿ ಅಂಕವನ್ನಂತೂ ನಲವತ್ತು ದಾಟಿದವರೂ ಬಿಡರು.

ಈ ವಿಷಯದಲ್ಲಿ ಲಿಯೊನಾರ್ಡೊ ಡ ವಿಂಚಿ ಜಾಣ. 1482ರ ಸುಮಾರಿಗೆ ಮಿಲಾನನ್ನು ಆಳುತ್ತಿದ್ದ ಲುಡೊವಿಕೊ ಸ್ಫೋರ್ಜಾನಿಗೆ ಕೆಲಸ ಕೇಳಿ ಕಾಗದ ಬರೆದ. ಸ್ಫೋರ್ಜಾನಿಗೆ ಬೇಕಿದ್ದುದು ಯುದ್ಧದ ಸರಂಜಾಮು. ಸರಿ, ಸುಲಭವಾಗಿ ಹೊತ್ತೊಯ್ಯುವ ಸೇತುವೆ, ಫಿರಂಗಿ, ಸುರಂಗ ಎಂದೆಲ್ಲ ಮೊದಲು ಪಟ್ಟಿಮಾಡಿ, ‘ಚಿತ್ರವನ್ನೂ ಬರೆಯಬಲ್ಲೆ’ ಎಂದು ಕೊನೆಗೆ ಸೇರಿಸಿದ. ರೆಸ್ಯೂಮೆ ಸೋಸುವ ಇವತ್ತಿನ ಸಾಫ್ಟ್‌ವೇರ್ ಕೈಗೆ ಸಿಕ್ಕಿದ್ದರೆ, ‘ಎಂಜಿನಿಯರಿಂಗ್ ಡಿಗ್ರಿ ಇಲ್ಲ’ ಎಂದು ಆ ಕಾಗದ ಮನುಷ್ಯರ ಕಣ್ಣಿಗೇ ಬೀಳುತ್ತಿರಲಿಲ್ಲ.