ವರ್ಷವೆಲ್ಲ ರಜೆಯಲ್ಲಿರುವ ಅಕ್ಕನಿಂದ ಬೆಂಗಳೂರಿನ ತಮ್ಮನಿಗೆ

 

ಮೊನ್ನೆ ಭಾನುವಾರ ಮನೆಮಂದಿಯ ವಾಟ್ಸ್‌ಆ್ಯಪ್ ಗುಂಪಿನಲ್ಲಿ ನೀನು ಬರೆದದ್ದನ್ನು ಚಿಕ್ಕಪ್ಪ, ಅತ್ತೆ, ಅತ್ತೆಯ ಬೀಗರು ಎಲ್ಲರೂ ಓದಿದರು. "ಸರ್ಕಾರಿ ಮೇಷ್ಟ್ರುಗಳಿಗೇನಪ್ಪ, ಅರ್ಧ ವರ್ಷ ರಜೆ, ಸಂಬಳ ಮಾತ್ರ ಪೂರ್ತಿ. ಪ್ರೈವೇಟಲ್ಲಾಗಿದ್ರೆ ಒಂದೇ ದಿನಕ್ಕೆ ಮನೆಗೆ ಕಳಿಸ್ತಿದ್ರು" ಅಂದೆ. ಹದಿನಾಲ್ಕು ಜನ ಹೆಬ್ಬೆಟ್ಟು ಒತ್ತಿದರು. ಅದರಲ್ಲಿ ಒಂದು ನಿಮ್ಮ ಭಾವನದು. ಅವರನ್ನು ಮನೆಯಲ್ಲೇ ವಿಚಾರಿಸಿಕೊಂಡಿದ್ದೇನೆ. ನೀನು ಊರಿಗೆಲ್ಲ ಕೇಳುವಂತೆ ಹೇಳಿದ್ದಕ್ಕೆ ಉತ್ತರವೂ ಊರಿಗೆಲ್ಲ ಕೇಳಲಿ ಅಂತ ಪತ್ರಿಕೆಗೇ ಬರೆಯುತ್ತಿದ್ದೇನೆ. ಸ್ವಲ್ಪ ತಡವಾಯಿತು. ರಜೆಯಲ್ಲಿದ್ದೆ ನೋಡು, ಪುರುಸೊತ್ತಾಗಲಿಲ್ಲ.

ಮೊದಲು ಸಂಬಳದ ಮಾತು ಮುಗಿಸೋಣ. ನನ್ನ ಸಂಬಳ ಕೆಟ್ಟದ್ದೇನಲ್ಲ, ಒಪ್ಪಿದೆ. 2024ರ ಆಗಸ್ಟ್‌ನಲ್ಲಿ ಏಳನೇ ವೇತನ ಆಯೋಗ ಜಾರಿಯಾದಾಗ "ಅಕ್ಕಂಗೆ ಶೇ. 58.5 ಹೈಕು" ಅಂತ ಪಟಾಕಿ ಚಿತ್ರ ಕಳಿಸಿದ್ದು ನೀನೇ ತಾನೇ? ಕೋಡು ಬರೆಯುವವನಿಗೆ ಕೂಡುವ ಲೆಕ್ಕ ತಪ್ಪಬಾರದು. ಆ ಐವತ್ತೆಂಟೂವರೆಯಲ್ಲಿ 31, ನಾವು ಆಗಲೇ ತಿನ್ನುತ್ತಿದ್ದ ತುಟ್ಟಿಭತ್ಯೆ. ಮಿಕ್ಕ 27.5ರಲ್ಲೂ 17 ಹಿಂದಿನ ವರ್ಷವೇ ಮಧ್ಯಂತರ ಪರಿಹಾರ ಅಂತ ಕೈಸೇರಿತ್ತು. ಕೊನೆಗೆ ಉಳಿದದ್ದೆಷ್ಟು ಅಂತ ನೀನೇ ಕಳೆ. ಮೂರನೇ ಕ್ಲಾಸಿನ ಲೆಕ್ಕ, ನಾನೇ ಹೇಳಿಕೊಟ್ಟದ್ದು.

"ಪೆನ್ಷನ್ ಬೇರೆ ಬರುತ್ತೆ" ಅಂತಲೂ ಸೇರಿಸಿದ್ದೀಯ. ನಾನು ಕೆಲಸಕ್ಕೆ ಸೇರಿದ್ದು 2007ರಲ್ಲಿ. 2006ರ ಏಪ್ರಿಲ್ 1ರಿಂದೀಚೆಗೆ ಸೇರಿದವರಿಗೆ ಎನ್‌ಪಿಎಸ್. ಅಂದರೆ ನನ್ನ ಮುಪ್ಪು ಷೇರುಪೇಟೆಯ ಕೈಯಲ್ಲಿದೆ. ಅಷ್ಟರ ಮಟ್ಟಿಗೆ ನಾನೂ ಪ್ರೈವೇಟೇ ಕಣೋ.

ಇನ್ನು ರಜೆ. ಹೋದ ವರ್ಷ, 2025ರಲ್ಲಿ, ದಸರಾ ರಜೆಯನ್ನು ಅಕ್ಟೋಬರ್ 18ರವರೆಗೆ ಬೆಳೆಸಿದರಲ್ಲ, ಆಗಲೂ ನೀನು ಹೊಟ್ಟೆ ಉರಿದುಕೊಂಡೆ. ಮಕ್ಕಳಿಗೆ ರಜೆ ಕೊಟ್ಟದ್ದು ನಮ್ಮನ್ನು ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆಗೆ ಅಟ್ಟುವುದಕ್ಕೆ. ಪುಕ್ಕಟೆಯಲ್ಲ, ಗೌರವಧನ ಇತ್ತು. ಒಂದೊಂದು ಮನೆಗೆ 60 ಪ್ರಶ್ನೆ. ಮನೆ ಯಾವುದು ಅಂತ ತೋರಿಸುವುದು ಕರೆಂಟ್ ಮೀಟರಿನ ಆರ್‌ಆರ್ ನಂಬರು. ಹಾಗೆ ಸಮೀಕ್ಷೆಯ ಆ್ಯಪಿನ ಬೆನ್ನು ಹತ್ತಿ, ಕೆಸರು ತುಳಿದುಕೊಂಡು ನಾನು ತಲುಪಿದ ಒಂದು "ಮನೆ"ಯಲ್ಲಿ ಎರಡು ಎಮ್ಮೆ, ಒಂದು ಕರು ಇದ್ದವು. ಕೊಟ್ಟಿಗೆಗೆ ಬೇರೆ ಮೀಟರು ಹಾಕಿಸಿದ್ದಾರೆ. ಕುಟುಂಬದ ಮುಖ್ಯಸ್ಥರ ಹೆಸರು ಕೇಳುತ್ತಿದ್ದ ಮೊಬೈಲನ್ನು ಹಿಡಿದುಕೊಂಡು ಹಿರೀ ಎಮ್ಮೆಯ ಮುಖವನ್ನೇ ನೋಡುತ್ತ ನಿಂತೆ. ಅದೂ ನನ್ನನ್ನೇ ನೋಡಿತು.

ಪಕ್ಕದ ನಿಜವಾದ ಮನೆಯಲ್ಲಿ ಒಬ್ಬರೇ ಅಜ್ಜಿ. ಸಮೀಕ್ಷೆಗೆ ಬೇಕಾದ ಒಟಿಪಿ ಹೋಗುವುದು ಮಗನ ನಂಬರಿಗೆ, ಮಗ ಇರುವುದು ನಿನ್ನ ಬೆಂಗಳೂರಿನಲ್ಲಿ. ಫೋನ್ ಮಾಡಿದೆ. "ಯಾರಿಗೂ ಒಟಿಪಿ ಹೇಳಬಾರದು ಅಂತ ಬ್ಯಾಂಕಿನವರು ಮೆಸೇಜು ಕಳಿಸಿದಾರೆ ಮೇಡಂ" ಅಂದು ಇಟ್ಟುಬಿಟ್ಟ. ಅವನಿಗೆ ಓದುವುದಕ್ಕೆ ಕಲಿಸಿದವಳು ನಾನೇ. ಚೆನ್ನಾಗಿಯೇ ಕಲಿಸಿದ್ದೇನೆ.

ಶಿಕ್ಷಣ ಹಕ್ಕು ಕಾಯ್ದೆ ಅಂತ 2009ರದ್ದೊಂದಿದೆ. ಹತ್ತು ವರ್ಷಕ್ಕೊಮ್ಮೆ ಬರುವ ಜನಗಣತಿ, ವಿಪತ್ತು ಪರಿಹಾರ, ಚುನಾವಣೆ, ಈ ಮೂರು ಬಿಟ್ಟು ಶಿಕ್ಷಕರನ್ನು ಪಾಠದಾಚೆಯ ಕೆಲಸಕ್ಕೆ ಹಚ್ಚಬಾರದು ಅಂತ ಅದರ 27ನೇ ಸೆಕ್ಷನ್ ಹೇಳುತ್ತದೆ. ಅದನ್ನು ನೀನು ಓದಿರಲಿಕ್ಕಿಲ್ಲ. ಚಿಂತೆಯಿಲ್ಲ, ಓದಬೇಕಾದವರೂ ಓದಿಲ್ಲ.

ನಿಮ್ಮಲ್ಲಿ ಕೆಲಸದ ಗಂಟೆಯ ಹರಾಜು ನಡೆಯುತ್ತಿರುವುದನ್ನು ನಾವೂ ನೋಡುತ್ತಿದ್ದೇವೆ. 2023ರಲ್ಲಿ ನಾರಾಯಣಮೂರ್ತಿಯವರು ವಾರಕ್ಕೆ 70 ಗಂಟೆ ದುಡಿಯಿರಿ ಅಂದರು. (ಅವರ ತಂದೆಯೂ ಮೇಷ್ಟರೇ. ಮನೆಯಲ್ಲಿ ನೋಡಿ ಬಂದ ಲೆಕ್ಕವೋ ಏನೋ.) 2025ರ ಜನವರಿಯಲ್ಲಿ ಎಲ್ ಅಂಡ್ ಟಿ ಅಧ್ಯಕ್ಷರ 90 ಗಂಟೆಯ ಮಾತು ಹೊರಬಿತ್ತು, ಭಾನುವಾರ ಮನೆಯಲ್ಲಿ ಕೂತು ಹೆಂಡತಿಯ ಮುಖವನ್ನು ಎಷ್ಟು ಹೊತ್ತು ನೋಡುತ್ತೀರಿ ಅನ್ನುವ ಧಾಟಿ ಅವರದು. ಇಲ್ಲಿ ಆ ತಾಪತ್ರಯವೇ ಇಲ್ಲ. ಭಾನುವಾರ ಬಿಎಲ್‌ಒ ಕೆಲಸಕ್ಕೆ ಮತದಾರರ ಪಟ್ಟಿ ಹಿಡಿದು ಹೊರಟರೆ ನಾನು ನೋಡುವುದು ಊರಿನವರ ಗಂಡಂದಿರ ಮುಖ.

ಈಗ ಮೊಟ್ಟೆಗೆ ಬರುತ್ತೇನೆ. ನಗಬೇಡ, ನಮ್ಮ ಹಣಕಾಸು ವಿಭಾಗ ಇರುವುದು ಅದರೊಳಗೇ. ಮೊದಲು ಮಕ್ಕಳಿಗೆ ಬಿಸಿಯೂಟದ ಜೊತೆ ವಾರಕ್ಕೆ ಎರಡು ದಿನ ಕೊಡುತ್ತಿದ್ದೆವು. 2024ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ ದುಡ್ಡು ಕೊಡಲು ಮುಂದಾಗಿ ಅದು ಆರು ದಿನವಾಯಿತು. ನಿಮ್ಮ ಐಟಿಯ ದುಡ್ಡೇ ಅನ್ನು, ಮಕ್ಕಳ ಹೊಟ್ಟೆ ಸೇರುತ್ತಿದೆ, ಅವರಿಗೆ ಪುಣ್ಯ ಬರಲಿ. ಲೆಕ್ಕ ಹೀಗಿದೆ: ಮೊಟ್ಟೆಯೊಂದಕ್ಕೆ 6 ರೂಪಾಯಿ. ಕೊಳ್ಳುವುದು, ಬೇಯಿಸುವುದು, ಸುಲಿಯುವುದು ಎಲ್ಲ ಅದರಲ್ಲೇ ಆಗಬೇಕು. ಚಳಿ ಶುರುವಾದ ಮೇಲೆ ಅಂಗಡಿಯವನು "ಏಳು ರೂಪಾಯಿ ಮೇಡಂ, ಬೇಕಾದ್ರೆ ತಗೊಳ್ಳಿ" ಅಂದ. ಮೊಟ್ಟೆ ತಿನ್ನುವ ಮಕ್ಕಳು 29. ಕೊಳ್ಳುವುದಕ್ಕೇ ದಿನಕ್ಕೆ 29 ರೂಪಾಯಿ ಕೈಯಿಂದ. ಬೇಯಿಸುವಾಗ ಒಂದು ಒಡೆದರೆ ಅದೂ ನನ್ನದೇ. ನಿನ್ನ ಆಫೀಸಿನಲ್ಲಿ ಏರ್‌ಪೋರ್ಟಿನ ಟೀ ಬಿಲ್ಲನ್ನೂ ಕ್ಲೇಮ್ ಮಾಡುತ್ತೀಯಲ್ಲ, ಒಡೆದ ಮೊಟ್ಟೆಯನ್ನು ಯಾವ ಹೆಡ್ಡಿನಲ್ಲಿ ತೋರಿಸಬೇಕು ಅಂತ ನಿಮ್ಮ ಫೈನಾನ್ಸಿನವರನ್ನು ಕೇಳಿ ಹೇಳು. ಇಷ್ಟರ ನಡುವೆ ಒಂದರಿಂದ ಮೂರನೇ ತರಗತಿಯವರೆಲ್ಲ ಒಂದೇ ಕೋಣೆಯಲ್ಲಿ ನಲಿ-ಕಲಿ ಕಾರ್ಡು ಹಿಡಿದುಕೊಂಡು ಕಾಯುತ್ತಿರುತ್ತಾರೆ. ಪಾಠವನ್ನೂ ಮಾಡುತ್ತೇನೆ, ಬಿಡುವಾದಾಗ.

ನಿನ್ನ ಕಷ್ಟ ಸುಳ್ಳು ಅನ್ನುವುದಿಲ್ಲ. ರಾತ್ರಿ ಹನ್ನೊಂದಕ್ಕೆ ಅಮೆರಿಕದವರ ಜೊತೆ ಮೀಟಿಂಗು, ಬೆಳಗ್ಗೆ ಎದ್ದರೆ ಪಕ್ಕದ ಸೀಟಿನವನ ಐಡಿ ಕಾರ್ಡು ಕೆಲಸ ಮಾಡುವುದಿಲ್ಲ. ಹೊಸಬರ ಸಂಬಳ ವರ್ಷಕ್ಕೆ ಮೂರು, ಮೂರೂವರೆ ಲಕ್ಷದಲ್ಲೇ ಹತ್ತು ವರ್ಷದಿಂದ ಕಾಲು ಚಾಚಿ ಕೂತಿದೆ ಅನ್ನುವುದೂ ಗೊತ್ತು. ಇದನ್ನೆಲ್ಲ ನಿಮ್ಮ ಮ್ಯಾನೇಜರ್ ಹತ್ತಿರ ಕೇಳಲಾಗದೆ ಗುಂಪಿನಲ್ಲಿ ಅಕ್ಕನ ಮೇಲೆ ತೀರಿಸಿಕೊಂಡೆ. ಆಗಲಿ, ಅಕ್ಕಂದಿರು ಇರುವುದೇ ಅದಕ್ಕೆ.

ಹೋಲಿಸಲೇಬೇಕು ಅಂತಿದ್ದರೆ ನನ್ನನ್ನು ಬಿಡು. ನನ್ನ ಪಕ್ಕದ ಕೋಣೆಯಲ್ಲಿ ಒಬ್ಬಳು ಅತಿಥಿ ಶಿಕ್ಷಕಿ ಇದ್ದಾಳೆ. ಎಂಎ, ಬಿಎಡ್. ಬೋರ್ಡು, ಪುಸ್ತಕ, ಮಕ್ಕಳು, ಬೈಗುಳ ಎಲ್ಲ ನನಗಿದ್ದಂತೆಯೇ. 2025ರ ಬಜೆಟ್ಟಿನಲ್ಲಿ 2,000 ಏರಿಸಿದ ಮೇಲೆ ತಿಂಗಳಿಗೆ 12,000 ಗೌರವಧನ. ಅದೂ ತಿಂಗಳು ತಿಂಗಳು ಸರಿಯಾಗಿ ಬರುವುದಿಲ್ಲ. ಏಪ್ರಿಲ್, ಮೇನಲ್ಲಂತೂ ಬರುವ ಮಾತೇ ಇಲ್ಲ. ಸಂಬಳ ಅಂದರೆ ಕಾನೂನು ಕೇಳುತ್ತಾರೆ, ಗೌರವಧನ ಅಂದರೆ ಯಾರೂ ಏನೂ ಕೇಳುವ ಹಾಗಿಲ್ಲ. ಆ ಪದ ಕಂಡುಹಿಡಿದವರು ಯಾವ ಕಂಪನಿಯ ಎಚ್‌ಆರ್‌ಗೂ ಕಡಿಮೆಯಿಲ್ಲ. ಹೋದ ಬೇಸಿಗೆಯಲ್ಲಿ ಅವಳು ಬಟ್ಟೆ ಅಂಗಡಿಯಲ್ಲಿ ಸೀರೆ ಮಡಿಸುತ್ತಿದ್ದಳು. ಎರಡು ಸೀರೆ ಕೊಂಡು ಬಂದೆ, ಚೌಕಾಸಿ ಮಾಡಲು ಬಾಯಿ ಬರಲಿಲ್ಲ.

ಇನ್ನು ನೀನು ಹಾಡಿ ಹೊಗಳುವ ಪ್ರೈವೇಟು. ನಮ್ಮ ಪಾಪುವಿನ ಯುಕೆಜಿಗೆ ಒಂದೂಮುಕ್ಕಾಲು ಲಕ್ಷ ಫೀಸು ಕಟ್ಟಿದೆ ಅಂತ ಗೃಹಪ್ರವೇಶದಲ್ಲಿ ಎಲ್ಲರಿಗೂ ಹೇಳಿದೆ. ತರಗತಿಯಲ್ಲಿ 30 ಮಕ್ಕಳು ಅಂತಲೂ ಹೇಳಿದೆ. ಗುಣಿಸಿದರೆ ಐವತ್ತೆರಡೂವರೆ ಲಕ್ಷ. ಅಷ್ಟೂ ಮಕ್ಕಳ ಮೂಗು ಒರೆಸಿ, ಅಕ್ಷರ ತಿದ್ದಿಸಿ, ನಿನ್ನ ಹೆಂಡತಿ ರಾತ್ರಿ ಹತ್ತಕ್ಕೆ ಕಳಿಸುವ ಮೆಸೇಜಿಗೂ "ಶೂರ್ ಮ್ಯಾಮ್" ಅಂತ ಉತ್ತರ ಬರೆಯುವ ಆ ಹುಡುಗಿ ತಿಂಗಳಿಗೆ ಎಷ್ಟು ತೆಗೆದುಕೊಳ್ಳುತ್ತಾಳೆ? ಮುಂದಿನ ಶನಿವಾರ ಪೇರೆಂಟ್ಸ್ ಮೀಟಿಂಗಿಗೆ ಹೋಗುತ್ತೀಯಲ್ಲ, ಪಾಪುವಿನ ಅಂಕ ಕೇಳುವ ಮೊದಲು ಅದನ್ನು ಕೇಳು. ಅವಳು ಹೇಳುವುದಿಲ್ಲ, ಹೇಳಬಾರದು ಅಂತ ಸಹಿ ಹಾಕಿಸಿಕೊಂಡಿರುತ್ತಾರೆ. ಆಚೆ ಬಂದು ಸ್ಕೂಲ್ ವ್ಯಾನಿನ ಡ್ರೈವರನ್ನು ಅವನ ಸಂಬಳ ಕೇಳು. ಮಿಸ್ಸಿನದು ಅದಕ್ಕಿಂತ ಹೆಚ್ಚಾ ಅಂತಲೂ ಕೇಳು. ಅವನೇನಾದರೂ ನಕ್ಕರೆ, ಆ ನಗುವನ್ನು ನಮ್ಮ ಮನೆಮಂದಿಯ ಗುಂಪಿಗೆ ಹಾಕು. ನಾನು ಹೆಬ್ಬೆಟ್ಟು ಒತ್ತುತ್ತೇನೆ.

ಇಂತಿ,
ನಿನ್ನ ಅಕ್ಕ
ಪ್ರಭಾರ ಮುಖ್ಯಶಿಕ್ಷಕಿ, ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆ
ತುಮಕೂರು ಜಿಲ್ಲೆ