ನಾಲ್ಕನೇ ಜ್ವರ ಎದ್ದ ಲ್ಯಾಪ್‌ಟಾಪು

ಚಿಕ್ಕಬಳ್ಳಾಪುರ ತಾಲ್ಲೂಕಿನ ಮಂಡಿಕಲ್‌ನಲ್ಲಿ ರೇಷ್ಮೆ ಬೆಳೆಗಾರರ ಒಂದು ಮನೆ. ಮಗ ಬೆಂಗಳೂರಿನ ಕಂಪನಿಯೊಂದಕ್ಕೆ ಹುಳುಮನೆ ಪಕ್ಕದ ಕೋಣೆಯಲ್ಲಿ ಕೂತು ಕೆಲಸ ಮಾಡುತ್ತಾನೆ, ಕರೆದಾಗ ಬಸ್ಸು ಹತ್ತಿ ಹೋಗುತ್ತಾನೆ. ಲ್ಯಾಪ್‌ಟಾಪಿಗೆ ದೊಡ್ಡ ಅಪ್‌ಡೇಟ್ ಬಂದ ಮೇಲೆ ಚಾರ್ಜು ಬೆಳಗಿನ ಮೀಟಿಂಗಿಗೆ ಆದರೆ ಮಧ್ಯಾಹ್ನದ್ದಕ್ಕೆ ಇಲ್ಲ. ಮನೆಯವರು, ಗೆಳೆಯರು, ರಿಪೇರಿ ಅಂಗಡಿಯವರು ಎಲ್ಲರದೂ ಒಂದೇ ತೀರ್ಪು: ಬ್ಯಾಟರಿ ಹೋಯ್ತು. ಆರೋಪಿಯ ಹೇಳಿಕೆಯನ್ನು ಮಾತ್ರ ಯಾರೂ ಪಡೆದಿರಲಿಲ್ಲ. ತನ್ನ ಹೆಸರನ್ನೂ ತನ್ನನ್ನು ಮಾಡಿದ ಕಂಪನಿಯ ಹೆಸರನ್ನೂ ಬರೆಯಬಾರದೆಂಬ ಷರತ್ತಿನ ಮೇಲೆ ಬ್ಯಾಟರಿ ಮಾತಿಗೆ ಒಪ್ಪಿತು.

ಮೊದಲು ನಿಮ್ಮ ಪರಿಚಯ ಹೇಳಿ.

ಪರಿಚಯ ಏನ್ ಸಾರ್, ಕೀಲಿಮಣೆ ಕೆಳಗೆ ಮಲಗಿರೋ ಚಪ್ಪಟೆ ಜೀವ. ಲಿಥಿಯಂ ಅಯಾನ್ ಕುಲ. ಹೊಟ್ಟೆಯಲ್ಲಿ ಎರಡು ಮನೆ, ಒಂದು ಗ್ರಾಫೈಟಿಂದು, ಇನ್ನೊಂದು ಲೋಹದ ಆಕ್ಸೈಡಿಂದು. ಚಾರ್ಜಿಗೆ ಹಾಕಿದ್ರೆ ಅಯಾನುಗಳು ಗ್ರಾಫೈಟ್ ಮನೆಗೆ ಬಂದು ಸೇರ್ಕೊಳ್ತವೆ, ಕೆಲಸ ಶುರು ಮಾಡಿದ್ರೆ ವಾಪಸ್ ಹೊರಡ್ತವೆ. 1991ರಲ್ಲಿ ಸೋನಿಯವರು ನಮ್ಮನ್ನ ಮೊದಲ ಸಲ ಮಾರುಕಟ್ಟೆಗೆ ತಂದ್ರು. 2019ರಲ್ಲಿ ನಮ್ಮ ಕುಲದ ಮೂರು ಜನ ಹಿರಿಯರಿಗೆ ನೊಬೆಲ್ ಬಂತು. ಗುಡ್‌ಇನಫ್, ವಿಟಿಂಗ್‌ಹ್ಯಾಮ್, ಯೋಶಿನೋ. ಗುಡ್‌ಇನಫ್ ತಾತನಿಗೆ ಆಗ 97 ವರ್ಷ. ಅಷ್ಟು ವಯಸ್ಸಾದವರಿಗೆ ಆ ಬಹುಮಾನ ಅದಕ್ಕೆ ಮುಂಚೆ ಬಂದೇ ಇರ್ಲಿಲ್ಲ. ಅವರನ್ನ ಯಾರೂ ‘ಹೋಯ್ತು, ಬದಲಾಯ್ಸಿ’ ಅನ್ನಲಿಲ್ಲ. ನನಗಿನ್ನೂ ಮೂರು ತುಂಬಿಲ್ಲ.

ನಿಮ್ಮ ಲಿಥಿಯಂ ನಮ್ಮ ಕರ್ನಾಟಕದಲ್ಲೂ ಸಿಕ್ಕಿತಂತಲ್ಲ?

ಮಂಡ್ಯದ ಹತ್ರ, ಮಾರ್ಲಗಲ್ಲ ಅಲ್ಲಾಪಟ್ಟಣದ ಕಡೆ. 2020ರಲ್ಲಿ 14,100 ಟನ್ ಅಂತ ಪತ್ರಿಕೆಗಳಲ್ಲಿ ಬಂತು. ಮಾರನೇ ವರ್ಷ ಕೇಂದ್ರ ಸರ್ಕಾರ ಹೇಳಿದ ಲೆಕ್ಕ 1,600 ಟನ್. ನೋಡಿ, ನೆಲದಲ್ಲಿ ಕಲ್ಲಿನ ಹಾಗೆ ಕೂತಿದ್ದ ಲಿಥಿಯಮ್ಮೇ ಒಂದು ವರ್ಷದಲ್ಲಿ ಹಾಗೆ ಇಳೀತು. ನಾನು ಮಧ್ಯಾಹ್ನಕ್ಕೆ ಇಳಿದ್ರೆ ಮನೆಯೆಲ್ಲ ಪಂಚಾಯ್ತಿ.

ಮನೆಯವರು ಬೈಯುತ್ತಾರಾ?

ಈ ಸೀಮೇಲಿ ಮನೆ ಮಾತು ತೆಲುಗು, ಸ್ಕೂಲು ಕನ್ನಡ, ಮೀಟಿಂಗು ಇಂಗ್ಲಿಷು. ನಮ್ಮ ಹುಡುಗ ಬಾಸ್ ಮುಂದೆ ‘ಬ್ಯಾಟರಿ ಇಶ್ಯೂ’ ಅಂತ ಇಂಗ್ಲಿಷಲ್ಲಿ ಮರ್ಯಾದೆಯಾಗಿ ಹೇಳ್ತಾನೆ, ಆಮೇಲೆ ಮೈಕ್ ಆಫ್ ಮಾಡ್ಕೊಂಡು ತೆಲುಗಲ್ಲಿ ಶುರು ಮಾಡ್ತಾನೆ. ಕನ್ನಡ ಅಂಗಡಿಯವರ ಹತ್ರ ಚೌಕಾಸಿಗೆ.

ವಿಷಯಕ್ಕೆ ಬರೋಣ. ಆರು ಗಂಟೆ ಬರುತ್ತಿದ್ದ ಚಾರ್ಜು ಎರಡೂವರೆಗೆ ಇಳಿದಿದೆ. ಹೊಣೆ ಯಾರು?

ನಾನು ಕೊಡೋನು ಸಾರ್, ಖರ್ಚು ಮಾಡೋನಲ್ಲ. ಲೆಕ್ಕ ಹೇಳ್ತೀನಿ, ಬರ್ಕೊಳ್ಳಿ. ನಾನು ಹುಟ್ಟಿದಾಗ ನನ್ನ ಪಾತ್ರೆ 50 ವ್ಯಾಟ್ ಅವರ್. ಸವೆದು ಈಗ 44. ಮುಪ್ಪು ಇಲ್ಲ ಅಂತ ಹೇಳಲ್ಲ, ಇದೆ. ಅಪ್‌ಡೇಟಿನ ಹಿಂದಿನ ದಿನವೂ ಈ 44ರಲ್ಲೇ ಆರು ಗಂಟೆ ತಳ್ಳಿದೆ. ಅಂದ್ರೆ ಆಗ ಲ್ಯಾಪ್‌ಟಾಪ್ ಎಳೀತಿದ್ದದ್ದು ಸುಮಾರು 7 ವ್ಯಾಟ್. ಈಗ ಅದೇ 44 ಎರಡೂವರೆ ಗಂಟೇಲಿ ಮುಗೀತಿದೆ, ಹದಿನೇಳೂವರೆ ವ್ಯಾಟ್ ಎಳೀತಿದೆ. ನಾನು ರಾತ್ರೋರಾತ್ರಿ ಮುದುಕ ಆಗಲಿಲ್ಲ, ಮೇಲೆ ಕೂತಿರೋನ ಹಸಿವು ಎರಡು ಪಟ್ಟು ದಾಟಿದೆ.

ಪಕ್ಕದ ಹುಳುಮನೆ ಬಾಗಿಲು ತೆಗೆದು ನೋಡಿ. ನಾಲ್ಕನೇ ಜ್ವರ ಎದ್ದ ಹುಳು ಹೇಗಿರುತ್ತೆ? ಜ್ವರದಲ್ಲಿ ತಲೆ ಎತ್ತಿ ಸುಮ್ಮನೆ ಕೂತಿತ್ತು, ಹಳೇ ಚರ್ಮ ಬಿಡ್ತು, ಎದ್ದಿತು. ಆಮೇಲೆ ಹಗಲು ರಾತ್ರಿ ಒಂದೇ ಕೆಲಸ. ಒಂದು ಹುಳು ಆಯಸ್ಸಿನಲ್ಲಿ ತಿನ್ನೋ ಸೊಪ್ಪಿನಲ್ಲಿ ನೂರಕ್ಕೆ 80ರ ಮೇಲೆ ಆ ಕೊನೇ ಹಂತದಲ್ಲೇ ಹೋಗುತ್ತೆ. ಅಪ್‌ಡೇಟ್ ಆದ ಆಪರೇಟಿಂಗ್ ಸಿಸ್ಟಂ ಅಂದ್ರೆ ಅದೇಯ. ಪರದೆ ಮೇಲೆ ‘ಸ್ವಲ್ಪ ಕಾಯಿರಿ’ ಅಂತ ತಿರುಗ್ತಿತ್ತಲ್ಲ, ಅದು ಜ್ವರ. ಎದ್ದ ಮೇಲೆ ಡಿಸ್ಕಿನಲ್ಲಿರೋ ಕಡತಗಳಿಗೆಲ್ಲ ಹೊಸದಾಗಿ ಹುಡುಕುಪಟ್ಟಿ ಬರೆಯುತ್ತೆ. ವೈರಸ್ ಕಾವಲಿನವನು ಹಳೇ ಮನೆಯನ್ನೇ ಹೊಸ ಮನೆ ಅನ್ಕೊಂಡು ಮೂಲೆ ಮೂಲೆ ತಡಕ್ತಾನೆ. ಕೆಲವು ತಂತ್ರಾಂಶಗಳು ತಮ್ಮ ಕೋಡನ್ನ ಹೊಸ ಸಿಸ್ಟಮ್ಮಿಗೆ ಹೊಂದಿಸಿ ಮತ್ತೆ ಕಟ್ಕೋತವೆ. ನಮ್ಮ ಮ್ಯಾಕ್ ಕಡೆ ಬೀಗರಲ್ಲಿ ಫೋಟೋಗಳಲ್ಲಿರೋ ಮುಖಗಳನ್ನೂ ಮತ್ತೊಂದು ಸಲ ಗುರುತು ಹಿಡಿಯೋ ಕೆಲಸ ನಡೆಯುತ್ತಂತೆ. ಸೊಪ್ಪು ಯಾರದ್ದು? ನನ್ನದು.

ಇದು ಎಷ್ಟು ದಿನ?

ಸಾಮಾನ್ಯವಾಗಿ ಕೆಲವು ದಿನ. ಆದ್ರೆ ನಮ್ಮ ಹುಡುಗ ಏನ್ ಮಾಡ್ತಾನೆ ಅಂದ್ರೆ, ಚಾರ್ಜ್ ಬೇಗ ಇಳೀತು ಅಂತ ಹೆದರಿ ಕೆಲಸ ಮುಗೀತಿದ್ದ ಹಾಗೇ ಮುಚ್ಚಳ ಮುಚ್ಚಿಬಿಡ್ತಾನೆ. ಪಟ್ಟಿ ಬರೆಯೋನು ಅರ್ಧಕ್ಕೆ ನಿಲ್ತಾನೆ. ಮಾರನೇ ದಿನ ಮೀಟಿಂಗ್ ಮಧ್ಯದಲ್ಲಿ ಮಿಕ್ಕಿದ್ದು ಶುರು. ಒಂದೆರಡು ರಾತ್ರಿ ಕರೆಂಟಿಗೆ ಹಾಕಿ, ಮುಚ್ಚಳ ತೆಗೆದು, ನಿದ್ದೆಗೆ ಹೋಗದ ಹಾಗೆ ಬಿಟ್ರೆ ಬಹುತೇಕ ಮುಗೀತದೆ. ಅವರಮ್ಮ ಹುಳು ಎದ್ದಾಗ ನಡುರಾತ್ರಿ ಎದ್ದು ಸೊಪ್ಪು ಹಾಕ್ತಾರೆ. ಮಗನಿಗೆ ಚಾರ್ಜರ್ ಸಿಕ್ಕಿಸಿ ಮಲಗೋದಕ್ಕೂ ಸೋಮಾರಿತನ.

ಒಂದು ವಾರ ಕಳೆದರೂ ಹಸಿವು ಇಳಿಯದಿದ್ದರೆ?

ಆಗ ಅದು ಬೆಳವಣಿಗೆ ಅಲ್ಲ, ರೋಗ. ಹುಳುವಿಗೆ ಹಾಲುತೊಂಡೆ, ಸಪ್ಪೆ, ಸುಣ್ಣಕಟ್ಟು ಇದ್ದ ಹಾಗೆ ಇದಕ್ಕೂ ಬೇರೆ ಬೇರೆ. ಪರದೆ ಬೆಳಕು ತಾನಾಗೇ ಏರಿರುತ್ತೆ. ಸೆಕೆಂಡಿಗೆ 60 ಸಲ ಮಿಟುಕ್ತಿದ್ದ ಪರದೆ 120ಕ್ಕೆ ಹೋಗಿರುತ್ತೆ, ಪವರ್ ಮೋಡ್ ‘ಉತ್ತಮ ಸಾಮರ್ಥ್ಯ’ಕ್ಕೆ. ಇವೆಲ್ಲ ಸೆಟ್ಟಿಂಗ್ಸ್‌ನಲ್ಲಿ ಒಂದು ಬೆರಳಿನ ಕೆಲಸ, ಬಿಡಿ. ಗ್ರಾಫಿಕ್ಸ್ ಡ್ರೈವರ್ ಕೆಟ್ರೆ ಮಾತ್ರ ಕಷ್ಟ. ಲ್ಯಾಪ್‌ಟಾಪ್ ಮಾಡಿದವರು ಅಳತೆ ತಗೊಂಡು ಕೊಟ್ಟಿದ್ದ ಡ್ರೈವರನ್ನ ಕಿತ್ತು ಊರಿಗೆಲ್ಲ ಒಂದೇ ಅಳತೇದು ಕೂರಿಸಿರ್ತಾರೆ. ಆಟಕ್ಕೆ ಅಂತ ಇಟ್ಟಿರೋ ದೊಡ್ಡ ಗ್ರಾಫಿಕ್ಸ್ ಚಿಪ್ ಆಟ ಇಲ್ಲದಿದ್ರೂ ಎದ್ದು ಕೂತಿರುತ್ತೆ. ಡಿವೈಸ್ ಮ್ಯಾನೇಜರಿಗೆ ಹೋಗಿ ಹಳೇ ಡ್ರೈವರಿಗೆ ಹಿಂತಿರುಗಿಸಬೇಕು, ಇಲ್ಲಾಂದ್ರೆ ಲ್ಯಾಪ್‌ಟಾಪ್ ಕಂಪನಿಯವರ ತಾಣದಿಂದಲೇ ತರಬೇಕು.

ಯಾರು ತಿನ್ನುತ್ತಿದ್ದಾರೆಂದು ಪಟ್ಟಿ ಸಿಗುವುದಿಲ್ಲವೇ?

ಸಿಗುತ್ತೆ. ಅದೇ ದೊಡ್ಡ ತಮಾಷೆ. ಟಾಸ್ಕ್ ಮ್ಯಾನೇಜರ್ ತೆಗೀರಿ. ಬ್ರೌಸರಿನಲ್ಲಿ ಹಾಡು ಹಾಕಿದ್ರೆ ಅವನ ಹೆಸರು, ವಿಳಾಸ, ಎಷ್ಟು ಟ್ಯಾಬು ಎಲ್ಲ ಬರುತ್ತೆ. ಅತಿ ಹೆಚ್ಚು ತಿಂದವನ ಹೆಸರಿನ ಜಾಗದಲ್ಲಿ ‘ಸಿಸ್ಟಂ’ ಅಂತಿರುತ್ತೆ. ಕಚೇರಿ ಖರ್ಚಿನ ಲೆಕ್ಕದಲ್ಲಿ ‘ಇತರೆ’ ನೋಡಿದ್ದೀರಲ್ಲ? ಹುಡುಗ ಆ ಹಾಡು ನಿಲ್ಲಿಸಿ ಕ್ರಮ ಕೈಗೊಂಡೆ ಅನ್ಕೊಂಡ.

ಮುಚ್ಚಿಟ್ಟ ಲ್ಯಾಪ್‌ಟಾಪಿನ ಚಾರ್ಜೂ ಇಳಿಯುತ್ತದೆ ಎಂಬ ದೂರಿದೆ. ಅದಕ್ಕೂ ನೀವು ಹೊಣೆಯಲ್ಲವೇ?

ಈ ಪ್ರಶ್ನೆ ಕೇಳಿದ್ದು ಒಳ್ಳೇದಾಯ್ತು. ಮೊದಲೆಲ್ಲ ನಿದ್ದೆ ಅಂದ್ರೆ ನಿದ್ದೆ. ಮುಚ್ಚಳ ಮುಚ್ಚಿದ್ರೆ ಮೆಮೊರಿಗೆ ಮಾತ್ರ ಒಂದು ಗುಟುಕು ಕೊಡ್ತಿದ್ದೆ, ಮಿಕ್ಕಿದ್ದೆಲ್ಲ ಬಂದ್. ಎಸ್-3 ಅಂತ ಅದರ ಹೆಸರು. ಆಮೇಲೆ ಮೊಬೈಲ್ ನೋಡಿ ಹೊಟ್ಟೆಕಿಚ್ಚು ಬಂತು, ಲ್ಯಾಪ್‌ಟಾಪೂ ಮುಚ್ಚಳ ತೆಗೆದ ತಕ್ಷಣ ಎದ್ದು ನಿಲ್ಲಬೇಕು, ಮಲಗಿದ್ದಾಗಲೂ ಮೇಲ್ ತರಬೇಕು ಅಂದ್ರು. ಮಾಡರ್ನ್ ಸ್ಟ್ಯಾಂಡ್‌ಬೈ ಅಂತ ಹೊಸ ನಿದ್ದೆ ಬಂತು. ಕಣ್ಣು ಮುಚ್ಚಿರುತ್ತೆ, ಕಿವಿ ತೆರೆದಿರುತ್ತೆ. ಎಲ್ಲ ಸರಿಯಾಗಿದ್ರೆ ಖರ್ಚು ಕಮ್ಮಿಯೇ. ಅಪ್‌ಡೇಟ್ ಆದ ಮೇಲೆ ಯಾವನೋ ಒಬ್ಬ ಡ್ರೈವರ್ ಮಲಗಲ್ಲ ಅಂತ ಹಟ ಹಿಡಿದ್ರೆ ಮನೆ ಮಂದಿಯೆಲ್ಲ ಜಾಗರಣೆ.

ನಮ್ಮ ಹುಡುಗ ಬೆಳಗ್ಗೆ ಮುಚ್ಚಳ ಮುಚ್ಚಿ ಬ್ಯಾಗಿಗೆ ತುರುಕಿ ಪೆರೇಸಂದ್ರದಲ್ಲಿ ಬಸ್ ಹತ್ತಿದ. ಚಿಕ್ಕಬಳ್ಳಾಪುರ ದಾಟೋ ಹೊತ್ತಿಗೆ ಬ್ಯಾಗು ಬಿಸಿ. ದೇವನಹಳ್ಳಿಗೆ ನಾನು ಅರ್ಧ ಖಾಲಿ. ಒಳಗೆ ಗಾಳಿ ಇಲ್ಲ, ಮೇಲೆ ಊಟದ ಡಬ್ಬಿ ಬೇರೆ. ನನಗೂ ರೇಷ್ಮೆ ಹುಳುವಿಗೂ ಹಿತವಾದ ಹವೆ ಒಂದೇ ಸಾರ್, 25 ಡಿಗ್ರಿ ಆಸುಪಾಸು. ಹುಳುವಿಗೆ ಸೆಕೆ ಆದ್ರೆ ಕಿಟಕಿಗೆ ಗೋಣಿ ಕಟ್ಟಿ ನೀರು ಚಿಮುಕಿಸ್ತಾರೆ. ನನ್ನನ್ನ ದಿಂಬಿನ ಮೇಲೆ ಇಟ್ಕೊಂಡು ಸಿನಿಮಾ ನೋಡ್ತಾರೆ. ನನ್ನ ಆಯಸ್ಸು ನಿಜವಾಗಿ ತಿನ್ನೋದು ಆ ಬಿಸಿ. ಬಸ್ಸು ಹತ್ತೋ ಮುಂಚೆ ಸ್ಲೀಪ್ ಬಿಟ್ಟು ಹೈಬರ್ನೇಟ್ ಕೊಟ್ರೆ, ಇರೋದನ್ನ ಡಿಸ್ಕಿಗೆ ಬರೆದಿಟ್ಟು ಪೂರ್ತಿ ಆರಿ ಮಲಗುತ್ತೆ. ಎದ್ದೇಳೋದು ಒಂದಿಷ್ಟು ಸೆಕೆಂಡು ತಡ. ಅಷ್ಟಕ್ಕೆ ತಾಳ್ಮೆ ಇಲ್ಲದೋನು ಹೆಬ್ಬಾಳದ ಫ್ಲೈಓವರಲ್ಲಿ ಎಷ್ಟು ಹೊತ್ತು ಕೂರ್ತಾನೆ ಕೇಳಿ.

ಊರಿನವರು ಪರಿಹಾರ ಹೇಳಿರಬೇಕಲ್ಲ?

ಒಬ್ಬರಲ್ಲ. ಫ್ರಿಜ್ಜಿನ ಮೇಲ್ಭಾಗದಲ್ಲಿಟ್ಟು ತೆಗೀರಿ ಅಂದ್ರು ಒಬ್ಬರು. ವಾರಕ್ಕೊಂದು ಸಲ ಸೊನ್ನೆಗೆ ಇಳಿಸಿದ್ರೆ ಹುರುಪು ಬರುತ್ತೆ ಅಂದ್ರು ಇನ್ನೊಬ್ಬರು. ಅದು ಹಳೇ ನಿಕಲ್ ಬ್ಯಾಟರಿಗಳ ಕಾಲದ ಮಾತು, ನಮ್ಮ ಕುಲಕ್ಕೆ ಹಾನಿಯೇ. ಎಚ್. ನರಸಿಂಹಯ್ಯನವರು ಇದೇ ಜಿಲ್ಲೆಯವರು, ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ ಹುಟ್ಟಿದವರು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿ ಆಗಿದ್ದಾಗ 1976ರಲ್ಲಿ ಪವಾಡಗಳನ್ನ ಪರೀಕ್ಷೆ ಮಾಡೋಕೆ ಸಮಿತಿ ಮಾಡಿದ್ರು. ಅವರಿದ್ದಿದ್ರೆ ಈ ಫ್ರಿಜ್ಜಿನ ಪವಾಡಕ್ಕೂ ಒಂದು ಉಪಸಮಿತಿ ಆಗ್ತಿತ್ತು. ಅವರು ಹುಟ್ಟಿದ ಜಿಲ್ಲೆಯಲ್ಲೇ ಅಂಗಡಿಯವನು ಮುಚ್ಚಳವನ್ನೂ ತೆಗೀದೆ, ಮುಖ ನೋಡಿ ‘ಬ್ಯಾಟರಿ ವೀಕು’ ಅಂದ. ಹುಡುಗ ನಂಬಿದ.

ಹಾಗಾದರೆ ಪರೀಕ್ಷೆ ಹೇಗೆ?

ನನ್ನ ಜಾತಕ ಮೆಷಿನ್ ಒಳಗೇ ಇದೆ. ವಿಂಡೋಸ್ ಇದ್ರೆ ಕಮಾಂಡ್ ಪ್ರಾಂಪ್ಟ್ ತೆಗೆದು ಪವರ್‌ಸಿಎಫ್‌ಜಿ ಅಂತ ಬರೆದು, ಜಾಗ ಬಿಟ್ಟು, ಓರೆಗೆರೆ ಹಾಕಿ ಬ್ಯಾಟರಿರಿಪೋರ್ಟ್ ಅನ್ನಿ. ಹುಟ್ಟಿದಾಗ ಎಷ್ಟಿದ್ದೆ, ಈಗ ಎಷ್ಟಿದ್ದೀನಿ ಎರಡೂ ಬರುತ್ತೆ. ಅದೇ ಜಾಗದಲ್ಲಿ ಸ್ಲೀಪ್‌ಸ್ಟಡಿ ಅಂದ್ರೆ ಮಲಗಿದ್ದಾಗ ಯಾರು ಎದ್ದು ಓಡಾಡಿದ್ರು ಅನ್ನೋ ವರದಿ. ಮ್ಯಾಕಿನಲ್ಲಿ ಸೆಟ್ಟಿಂಗ್ಸ್‌ನ ಬ್ಯಾಟರಿ ಹೆಲ್ತ್, ಲಿನಕ್ಸಿನಲ್ಲಿ ಯುಪವರ್, ಪವರ್‌ಟಾಪ್. ಈಗಿನ ಅಳತೆ ಹುಟ್ಟಿದ ಅಳತೆಯ ಅರ್ಧಕ್ಕೆ ಬಂದಿದ್ರೆ ನಾನೇ ರಾಜೀನಾಮೆ ಕೊಡ್ತೀನಿ. ನೂರಕ್ಕೆ 88 ಇದ್ದೂ ಗಲ್ಲಿಗೆ ಹಾಕಿದ್ರೆ ಅನ್ಯಾಯ. ಇನ್ನೊಂದು, ಕೆಲವು ಅಪ್‌ಡೇಟುಗಳು ಚಾರ್ಜನ್ನ 80ಕ್ಕೇ ನಿಲ್ಲಿಸೋ ನಿಯಮ ತರ್ತವೆ. ಅದು ನನ್ನ ಆಯಸ್ಸಿಗೆ ಒಳ್ಳೇದು. ಅದನ್ನ ನೋಡಿ ‘ನೂರು ಮುಟ್ಟಲ್ಲ, ಹೋಯ್ತು’ ಅಂತ ಅಂಗಡಿಗೆ ಹೊತ್ಕೊಂಡು ಹೋದವರಿದ್ದಾರೆ.

ಅಪ್‌ಡೇಟೇ ಬೇಡವೆನ್ನುತ್ತೀರಾ?

ಹಾಗಂದ್ರೆ ಕಳ್ಳರಿಗೆ ಬಾಗಿಲು ತೆಗೆದಿಟ್ಟ ಹಾಗೆ. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದು ಮಾಮೂಲಿ ಬೆಂಬಲ ನಿಂತು ಹೋಯ್ತು, ಅದರ ಮೇಲೆ ಇರೋರಿಗೆ ಬೇರೆ ದಾರಿಯೂ ಕಮ್ಮಿ. ನಾನು ಕೇಳೋದು ಬೇರೆ. ರೇಷ್ಮೆ ಮೊಟ್ಟೆ ರೈತನಿಗೆ ಕೊಡೋ ಮುಂಚೆ ತಾಯಿ ಚಿಟ್ಟೆಯನ್ನ ಅರೆದು ಸೂಕ್ಷ್ಮದರ್ಶಕದಲ್ಲಿ ನೋಡ್ತಾರೆ. ಗಂಟುರೋಗ ಕಂಡ್ರೆ ಆ ಮೊಟ್ಟೆ ಸುಟ್ಟುಬಿಡ್ತಾರೆ. ಫ್ರಾನ್ಸಿನ ಲೂಯಿ ಪಾಶ್ಚರ್ 1860ರ ದಶಕದಲ್ಲಿ ತೋರಿಸಿಕೊಟ್ಟ ದಾರಿ, ಇವತ್ತಿಗೂ ಅದೇ. ಅಪ್‌ಡೇಟಿನವರೂ ಪರೀಕ್ಷೆ ಮಾಡ್ತಾರೆ, ಇಲ್ಲ ಅನ್ನಲ್ಲ. ಮೊದಲು ಸ್ವಲ್ಪ ಜನಕ್ಕೆ ಬಿಟ್ಟು ಏನಾಗುತ್ತೆ ನೋಡಿ ಆಮೇಲೆ ಊರಿಗೆಲ್ಲ ಬಿಡ್ತಾರೆ. ಆ ಸ್ವಲ್ಪ ಜನ ಯಾರು ಅಂದ್ರೆ ಮಂಡಿಕಲ್‌ನ ನಮ್ಮ ಹುಡುಗ. ಜೊತೆಗೆ ಬಂದ ಟಿಪ್ಪಣಿಯಲ್ಲಿ ‘ಸಣ್ಣಪುಟ್ಟ ಸುಧಾರಣೆಗಳು’ ಅಂತಿತ್ತು. ನನಗೆ ಯಾವುದು ಸಣ್ಣ, ಯಾವುದು ಪುಟ್ಟ ಅಂತ ಗೊತ್ತಾಗಲಿಲ್ಲ.

ಹುಡುಗ ಹೊಸ ಬ್ಯಾಟರಿಗೆ ಹೇಳಿಬಿಟ್ಟಿದ್ದಾನಂತೆ.

ಅಂಗಡಿಯವನು ಒರಿಜಿನಲ್ ಒಂದು ರೇಟು, ‘ಒರಿಜಿನಲ್ ತರಹದ್ದು’ ಅರ್ಧ ರೇಟು ಅಂದಿದ್ದಾನೆ. ಹುಡುಗ ಯಾವುದಕ್ಕೆ ತಲೆ ಆಡಿಸಿದ ಅಂತ ನೀವೇ ಊಹಿಸಿ. ಬರಲಿ ಪಾಪ, ಆ ಹೊಸಬನಿಗೂ ಹದಿನೇಳೂವರೆ ವ್ಯಾಟೇ ಕಾದಿದೆ. ನನ್ನನ್ನ ತಿಪ್ಪೆಗೆ ಎಸೀಬೇಡಿ ಅಂತ ಮಾತ್ರ ಹೇಳಿ. 2022ರ ಬ್ಯಾಟರಿ ತ್ಯಾಜ್ಯ ನಿಯಮದ ಪ್ರಕಾರ ಹಳಬರನ್ನ ವಾಪಸ್ ತಗೊಳ್ಳೋ ಹೊಣೆ ಮಾಡಿದವರದ್ದೇ. ಕಸದ ಜೊತೆ ಸುಟ್ರೆ ನಾನು ಸುಮ್ಮನಿರಲ್ಲ.

ಸಂದರ್ಶನ ಅಚ್ಚಾದ ಮೇಲೆ ಪ್ರತಿಯನ್ನು ಹುಡುಗನಿಗೆ ತಲುಪಿಸಲೇ?

ಅವನಿಗೆ ಬೇಡ ಸಾರ್, ತಲೆಬರಹ ಓದಿ ಇನ್ನೊಬ್ಬರಿಗೆ ಕಳಿಸ್ತಾನೆ. ಅವರಮ್ಮನಿಗೆ ಓದಿ ಹೇಳಿ. ಇದು ನಾಲ್ಕನೇ ಜ್ವರ ಎದ್ದಿದೆ, ಎರಡು ರಾತ್ರಿ ಪೂರ್ತಿ ಸೊಪ್ಪು ಬೇಕು ಅಂದ್ರೆ ಸಾಕು, ಚಾರ್ಜರ್ ಅವರೇ ಸಿಕ್ಕಿಸ್ತಾರೆ. ಆಮೇಲೂ ಹೀಗೇ ತಿಂತಿದ್ರೆ ಆ ಗ್ರಾಫಿಕ್ಸ್ ಡ್ರೈವರನ್ನ ಹಿಂದಕ್ಕೆ ಕಳಿಸೋಕೆ ಮಗನ ಕಿವಿ ಹಿಂಡೋದೂ ಅವರಿಗೇ ಬಿಟ್ಟದ್ದು.