ದಶಾಂಶರಾಯರು

ಕ್ಯಾಲಿಫೋರ್ನಿಯಾದ ಸನಿವೇಲ್, ಕ್ಯೂಪರ್ಟಿನೊ, ಫ್ರೀಮಾಂಟ್ ಕಡೆ ನಾಲ್ಕು ಕನ್ನಡ ಮನೆಗಳು ಸೇರಿ ಯುಗಾದಿ ಊಟ ಇಟ್ಟುಕೊಂಡರೆ ಅಲ್ಲೊಬ್ಬ ದಶಾಂಶರಾಯರು ಇದ್ದೇ ಇರುತ್ತಾರೆ. ಪಾಸ್‌ಪೋರ್ಟಿನಲ್ಲಿ ಹೆಸರು ಬೇರೆ ಇರಬಹುದು, ಆದರೆ ಗುರುತು ಹಿಡಿಯುವುದು ಕಷ್ಟವಲ್ಲ. ಯಾರಾದರೂ ಹೊಸ ಕಾರು ಕೊಂಡೆ ಎಂದರೆ ಉಳಿದವರು ಬಣ್ಣ ಕೇಳುತ್ತಾರೆ, ಬೆಲೆ ಕೇಳುತ್ತಾರೆ, ಪೂಜೆ ಮಾಡಿಸಿದಿರಾ ಎಂದು ಕೇಳುತ್ತಾರೆ. ರಾಯರದು ಒಂದೇ ಪ್ರಶ್ನೆ, ನಿಂತ ಕಾರು ಗಂಟೆಗೆ ಅರವತ್ತು ಮೈಲಿ ವೇಗ ಮುಟ್ಟಲು ಹಿಡಿಯುವ ಸಮಯದ್ದು: "ಸೊನ್ನೆಯಿಂದ ಅರವತ್ತು ಎಷ್ಟು?"

"ಐದು ಸೆಕೆಂಡ್ ಇರಬಹುದು ರಾಯರೇ."

"ಐದು ಅಂದರೆ? ನಾಲ್ಕು ಪಾಯಿಂಟ್ ಒಂಬತ್ತೋ, ಐದು ಪಾಯಿಂಟ್ ಎರಡೋ?"

ಪಾಪ, ಆ ಮನುಷ್ಯ ಕಾರು ಕೊಂಡಿದ್ದು ಮಕ್ಕಳನ್ನು ಈಜು ಕ್ಲಾಸಿಗೆ ಬಿಡಲಿಕ್ಕೆ. ಅವನು ಚಿತ್ರಾನ್ನದ ತಟ್ಟೆ ಹಿಡಿದು ಮೆಲ್ಲಗೆ ಜಾರಿಕೊಳ್ಳುತ್ತಾನೆ. ರಾಯರು ಮುಂದಿನವನತ್ತ ತಿರುಗುತ್ತಾರೆ.

ರಾಯರೇನು ಬರೀ ಬಾಯಿಮಾತಿನವರಲ್ಲ. ಇಸವಿ 2000 ಬಂದರೆ ಜಗತ್ತಿನ ಕಂಪ್ಯೂಟರುಗಳೆಲ್ಲ ಕೈಕೊಡುತ್ತವೆ ಎಂದು ಅಮೆರಿಕ ಹೆದರಿ ಕೂತಿದ್ದ ಕಾಲದಲ್ಲಿ ಬೆಂಗಳೂರಿನಿಂದ ವಿಮಾನ ಹತ್ತಿದವರು. ಮಾರುತಿ 800ರಲ್ಲಿ ಕಾರು ಓಡಿಸಲು ಕಲಿತವರು. ದಿನಬಳಕೆಗೆ ಮನೆಯಲ್ಲಿ ಟೊಯೋಟ ಸಿಯೆನ್ನಾ ಇದೆ. ಗ್ಯಾರೇಜಿನಲ್ಲಿ ಹೊದಿಕೆ ಹೊದ್ದು ಮಲಗಿರುವುದು ಸೆಕೆಂಡ್ ಹ್ಯಾಂಡ್ ಪೋರ್ಷೆ 911 ಕರೆರಾ, 2013ರ ಮಾಡೆಲ್. ಅದನ್ನು ಕೊಳ್ಳುವ ಮುಂಚೆ ವರ್ಷಗಟ್ಟಲೆ ರಾತ್ರಿ ಊಟವಾದ ಮೇಲೆ ಕಂಪನಿಯ ಜಾಲತಾಣದಲ್ಲಿ ಕೂತು ಕಾರು ಕಟ್ಟಿದರು. ಒಂದು ಗುಂಡಿ ಒತ್ತಿ ಸೀಟು ಬದಲಾಯಿಸುವುದು, ಇನ್ನೊಂದು ಒತ್ತಿ ಗೇರ್‌ಬಾಕ್ಸ್ ಬದಲಾಯಿಸುವುದು, ಕೆಳಗೆ ಮೂಡುವ ದಶಾಂಶ ನೋಡಿ ತೃಪ್ತರಾಗಿ ಮಲಗುವುದು.

ಆ ದಶಾಂಶಗಳ ಲೆಕ್ಕ ನಿಜಕ್ಕೂ ಸ್ವಾರಸ್ಯದ್ದು. 2011ರಲ್ಲಿ ಬಂದ ಆ ಪೀಳಿಗೆಯ ಕರೆರಾದಲ್ಲಿ 350 ಅಶ್ವಶಕ್ತಿಯ ಎಂಜಿನ್. ಕ್ಲಚ್ ತುಳಿದು ಕೈಯಲ್ಲಿ ಗೇರು ಹಾಕುವ ಕಾರು ಗಂಟೆಗೆ ನೂರು ಕಿಲೋಮೀಟರ್ ವೇಗ ಮುಟ್ಟಲು 4.8 ಸೆಕೆಂಡ್ ಎಂದು ಕಂಪನಿಯೇ ಹೇಳುತ್ತದೆ. ಅದೇ ಎಂಜಿನ್ನಿಗೆ ಪಿಡಿಕೆ ಎಂಬ ಎರಡು ಕ್ಲಚ್ಚಿನ ಗೇರ್‌ಬಾಕ್ಸ್ ಜೋಡಿಸಿದರೆ 4.6. ಅದರ ಮೇಲೆ ಸ್ಪೋರ್ಟ್ ಕ್ರೋನೊ ಪ್ಯಾಕೇಜಿಗೂ ದುಡ್ಡು ತೆತ್ತರೆ 4.4. ಇನ್ನು ಅದರ ಅಣ್ಣ ಕರೆರಾ ಎಸ್, 400 ಅಶ್ವಶಕ್ತಿಯದು, ಮ್ಯಾನುಯಲ್ ಗೇರಿನಲ್ಲಿ 4.5! ಅಂದರೆ 50 ಅಶ್ವಶಕ್ತಿ ಕಡಿಮೆ ಇರುವ ಅಗ್ಗದ ಕಾರು, ಎರಡು ಆಯ್ಕೆಗಳನ್ನು ಸರಿಯಾಗಿ ಗುರುತು ಹಾಕಿದರೆ, ದುಬಾರಿ ಕಾರಿಗಿಂತ ಹತ್ತನೇ ಒಂದು ಸೆಕೆಂಡ್ ಮುಂದೆ. ರಾಯರು ಇದನ್ನು ಹೇಳುವಾಗ ದನಿ ಗದ್ಗದವಾಗುತ್ತದೆ. ಮಗಳು ಕಾಲೇಜು ಸೇರಿದ ಸುದ್ದಿಯನ್ನೂ ಅವರು ಇಷ್ಟು ಭಾವುಕರಾಗಿ ಹೇಳಿರಲಿಲ್ಲ.

ಎರಡು ಕ್ಲಚ್ ಯಾಕೆ ಎಂದು ಕೇಳಿಬಿಟ್ಟರೆ ಮುಗಿಯಿತು, ಊಟದ ಪಂಕ್ತಿಯೇ ಪಾಠಶಾಲೆ. "ನೋಡಿ, ಒಬ್ಬ ಅನ್ನ ಬಡಿಸುತ್ತಿದ್ದ ಹಾಗೇ ಹಿಂದೆ ಸಾರಿನವನು ಸೌಟು ಎತ್ತಿಕೊಂಡು ನಿಂತಿರುತ್ತಾನೆ. ಎಲೆ ಖಾಲಿ ಬಿಡೋದಿಲ್ಲ. ಪಿಡಿಕೆನೂ ಹಾಗೇ." ಹೋಲಿಕೆ ತಪ್ಪೇನಲ್ಲ. ಒಂದು, ಮೂರು, ಐದನೇ ಗೇರುಗಳು ಒಂದು ಕ್ಲಚ್ಚಿನ ಸುಪರ್ದಿಗೆ, ಎರಡು, ನಾಲ್ಕು, ಆರನೆಯವು ಇನ್ನೊಂದರ ಸುಪರ್ದಿಗೆ. ಒಂದನೇ ಗೇರಿನಲ್ಲಿ ಕಾರು ಓಡುತ್ತಿರುವಾಗಲೇ ಎರಡನೆಯದು ಸಿದ್ಧವಾಗಿರುತ್ತದೆ. ಒಂದು ಕ್ಲಚ್ ಬಿಡುವುದಕ್ಕೂ ಇನ್ನೊಂದು ಹಿಡಿಯುವುದಕ್ಕೂ ನಡುವೆ ಚಕ್ರಕ್ಕೆ ಹೋಗುವ ಬಲ ಕಡಿಯುವುದೇ ಇಲ್ಲ. ಮನುಷ್ಯ ಮಾಡಿದರೆ ಆಕ್ಸಿಲರೇಟರ್ ಬಿಡಬೇಕು, ಕ್ಲಚ್ ತುಳಿಯಬೇಕು, ಗೇರು ಎಳೆಯಬೇಕು, ಮತ್ತೆ ಬಿಡಬೇಕು. ಅಷ್ಟು ಹೊತ್ತು ಎಂಜಿನ್ ಸುಮ್ಮನೆ ಕೂಗುತ್ತಿರುತ್ತದೆ.

ಈಗ ಪಿಡಿಕೆಯ ಪರಮಭಕ್ತರಾದ ರಾಯರು ಒಂದು ಕಾಲಕ್ಕೆ ಆಟೊಮ್ಯಾಟಿಕ್ಕಿನ ಕಡುವೈರಿಗಳಾಗಿದ್ದರು ಎಂಬುದನ್ನು ಹಳೇ ಗೆಳೆಯರು ಮರೆತಿಲ್ಲ. ಆಗ 911ರಲ್ಲಿದ್ದದ್ದು ಟಿಪ್‌ಟ್ರಾನಿಕ್ ಎಂಬ ಆಟೊಮ್ಯಾಟಿಕ್. ತೊಂಬತ್ತರ ದಶಕದ ಕೊನೆಯಲ್ಲಿ ಬಂದ ಕರೆರಾ ಮ್ಯಾನುಯಲ್ಲಿನಲ್ಲಿ 5.2 ಸೆಕೆಂಡ್, ಟಿಪ್‌ಟ್ರಾನಿಕ್ಕಿನಲ್ಲಿ 6.0. ಅದರ ಮುಂದಿನ ಪೀಳಿಗೆಯಲ್ಲಿ 5.0 ಮತ್ತು 5.5. "ಆಟೊಮ್ಯಾಟಿಕ್ ಅಂದರೆ ಸೋಮಾರಿಗಳ ಗಾಡಿ" ಎಂದು ರಾಯರು ಆಗ ಸಾರುತ್ತಿದ್ದರು. 2008ರಲ್ಲಿ, ಎಂಬತ್ತರ ದಶಕದ ರೇಸ್ ಕಾರುಗಳಲ್ಲಿ ಪಳಗಿದ್ದ ಪಿಡಿಕೆಯನ್ನು ಪೋರ್ಷೆ ರಸ್ತೆಯ 911ಕ್ಕೆ ತಂದಿತು. ಲೆಕ್ಕ ತಲೆಕೆಳಗಾಯಿತು: ಮ್ಯಾನುಯಲ್ 4.9, ಪಿಡಿಕೆ 4.7, ಸ್ಪೋರ್ಟ್ ಕ್ರೋನೊ ಸೇರಿಸಿದರೆ 4.5. ರಾಯರು ಆ ವಾರವೇ ಪಕ್ಷ ಬದಲಿಸಿದರು. ಕರ್ನಾಟಕದ ವಿಧಾನಸಭೆಯನ್ನು ನೋಡಿಕೊಂಡು ಬೆಳೆದವರಿಗೆ ಇದರಲ್ಲಿ ಆಶ್ಚರ್ಯವೇನಿಲ್ಲ. ಶಾಸಕರಿಗೆ ಹೋಲಿಸಿದರೆ ರಾಯರ ಬಳಿ ಕಾರಣವಾದರೂ ಇತ್ತು.

ಪಕ್ಷ ಬದಲಿಸದೇ ಉಳಿದವರು ಕ್ಲಚ್‌ಶಾಸ್ತ್ರಿಗಳು. ಎಡಗಾಲಿಗೆ ಕೆಲಸವಿಲ್ಲದ ಸ್ಪೋರ್ಟ್ಸ್ ಕಾರು ಅವರ ಪ್ರಕಾರ ಅಪೂಜ್ಯ. 2013ರಲ್ಲಿ 911ರ ಜಿಟಿ3 ಮಾದರಿ ಬರೀ ಪಿಡಿಕೆಯಲ್ಲಿ ಬಂದಾಗ ಶಾಸ್ತ್ರಿಗಳ ಮನೆಯಲ್ಲಿ ಹೆಚ್ಚುಕಡಿಮೆ ಸೂತಕ. ಇಂಥವರ ಗೋಳು ಜಗತ್ತಿನಾದ್ಯಂತ ಎಷ್ಟಿತ್ತೆಂದರೆ, 2016ರಲ್ಲಿ ಕಂಪನಿ ಮ್ಯಾನುಯಲ್ ಗೇರಿನದೇ ಆದ 911 ಆರ್ ಎಂಬ ಕಾರನ್ನು 991 ಮಾತ್ರ ಮಾಡಿತು. ಮರುವರ್ಷ ಜಿಟಿ3ಗೂ ಮ್ಯಾನುಯಲ್ ಮರಳಿ ಬಂತು: ಪಿಡಿಕೆಯಲ್ಲಿ 3.4 ಸೆಕೆಂಡ್, ಮ್ಯಾನುಯಲ್ಲಿನಲ್ಲಿ 3.9.

"ಶಾಸ್ತ್ರಿಗಳೇ, ಅರ್ಧ ಸೆಕೆಂಡ್! ಅರ್ಧ ಸೆಕೆಂಡ್ ನಿಧಾನದ ಕಾರಿಗೆ ಯಾರಾದರೂ ಆಸೆ ಪಡ್ತಾರಾ?"

"ಉಳಿಸಿದ ಅರ್ಧ ಸೆಕೆಂಡಿನಲ್ಲಿ ನೀವೇನು ಮಾಡ್ತೀರಿ ರಾಯರೇ?"

ಈ ಪ್ರಶ್ನೆಗೆ ರಾಯರು ಉತ್ತರ ಕೊಟ್ಟದ್ದನ್ನು ಯಾರೂ ಕಂಡಿಲ್ಲ.

ಸ್ಪೋರ್ಟ್ ಕ್ರೋನೊ ಪ್ಯಾಕೇಜಿನ ವಿಷಯದಲ್ಲಿ ಮಾತ್ರ ಅವರ ಮಾತನ್ನು ಕಿವಿಗೊಟ್ಟು ಕೇಳಬೇಕು. ನೋಡಿದವರಿಗೆ ಅದು ಡ್ಯಾಶ್‌ಬೋರ್ಡಿನ ನೆತ್ತಿಯ ಮೇಲೆ ಕೂರಿಸಿದ ಗಡಿಯಾರ, ಅಷ್ಟೆ. ಅದರಿಂದ ಎಂಜಿನ್ನಿಗೆ ಒಂದೇ ಒಂದು ಅಶ್ವಶಕ್ತಿಯೂ ಹೆಚ್ಚುವುದಿಲ್ಲ. ಹಾಗಿದ್ದರೆ ಸೆಕೆಂಡಿನ ಹತ್ತನೇ ಎರಡು ಭಾಗ ಎಲ್ಲಿಂದ ಬಂತು? ಹೊರಡುವ ಕ್ಷಣದಿಂದ. ಪಿಡಿಕೆ ಇರುವ ಕಾರಿಗೆ ಈ ಪ್ಯಾಕೇಜು ಲಾಂಚ್ ಕಂಟ್ರೋಲ್ ಕೊಡುತ್ತದೆ. ಸ್ಪೋರ್ಟ್ ಪ್ಲಸ್ ಗುಂಡಿ ಒತ್ತಿ, ಎಡಗಾಲಲ್ಲಿ ಬ್ರೇಕ್ ಬಲವಾಗಿ ಹಿಡಿದು, ಬಲಗಾಲಲ್ಲಿ ಆಕ್ಸಿಲರೇಟರನ್ನು ತಳಮುಟ್ಟ ತುಳಿದರೆ ಎಂಜಿನ್ ಒಂದೇ ವೇಗದಲ್ಲಿ ಗರ್ಜಿಸುತ್ತಾ ನಿಲ್ಲುತ್ತದೆ. ಬ್ರೇಕ್ ಬಿಟ್ಟ ತಕ್ಷಣ, ಟೈರು ಜಾರಲೂಬಾರದು, ಬಲ ಉಳಿಯಲೂಬಾರದು ಎನ್ನುವ ಹದಕ್ಕೆ ಕ್ಲಚ್ಚನ್ನು ಕಂಪ್ಯೂಟರ್ ಬಿಡುತ್ತದೆ. ಆಮೇಲೆ ಗೇರುಗಳೂ ಇನ್ನಷ್ಟು ಚುರುಕಾಗಿ ಬದಲಾಗುತ್ತವೆ. ಎಂಜಿನ್ನಿನ ಭಾರ ಹಿಂದಿನ ಚಕ್ರಗಳ ಮೇಲೇ ಕೂತಿರುವ 911ಕ್ಕೆ ಈ ಕೆಲಸ ಬೇರೆ ಕಾರುಗಳಿಗಿಂತ ಸಲೀಸು.

ಸರಿ, ಇದನ್ನು ಪ್ರಯೋಗಿಸುವುದೆಲ್ಲಿ? ಕ್ಯಾಲಿಫೋರ್ನಿಯಾದ ಹೆದ್ದಾರಿಗಳಲ್ಲಿ ಸಾಮಾನ್ಯವಾಗಿ ಗಂಟೆಗೆ 65 ಮೈಲಿಯ ಮಿತಿ. ಆದರೆ ಹೆದ್ದಾರಿಗೆ ಏರುವ ದಾರಿಯಲ್ಲಿ ದಟ್ಟಣೆಯ ಹೊತ್ತು ಸಿಗ್ನಲ್ ದೀಪ ಇರುತ್ತದೆ, ಹಸಿರಿಗೊಂದು ಕಾರು. ನಿಂತಲ್ಲಿಂದ ಅರವತ್ತಕ್ಕೆ ಏರಲು ಕಾನೂನೇ ಕರೆದಂತೆ! ರಾಯರು ಒಂದು ಸಂಜೆ ಅಲ್ಲಿ ನಿಂತರು. ಗುಂಡಿ ಒತ್ತಿದರು. ಎಡಗಾಲು ಊರಿದರು. ಬಲಗಾಲು ತುಳಿದರು. ಎಂಜಿನ್ ಗರ್ಜಿಸಿತು. ಪಕ್ಕದಲ್ಲಿ ಹೆಂಡತಿ.

"ರೀ, ಪಾಯಸದ ಪಾತ್ರೆ ತೊಡೆ ಮೇಲಿದೆ."

"ಒಂದು ನಿಮಿಷ ಇರೆ, ಮೀಟರಿನಲ್ಲಿ ಸೂಚನೆ ಬರಬೇಕು."

"ಹಸಿರು ಬಂದು ಹೋಯ್ತು. ಹಿಂದಿನವರು ಹಾರ್ನ್ ಹೊಡೀತಿದಾರೆ."

ಎರಡನೇ ಹಸಿರಿಗೆ ರಾಯರು ಹೊರಟರು. ಹೆದ್ದಾರಿ ತಲುಪಿದರೆ ಅಲ್ಲಿ ವಾಹನಗಳು ಗಂಟೆಗೆ ಇಪ್ಪತ್ತು ಮೈಲಿಯಲ್ಲಿ ತೆವಳುತ್ತಿದ್ದವು. ಪಾಯಸದಲ್ಲಿ ಎಷ್ಟು ಉಳಿಯಿತೆಂಬ ಬಗ್ಗೆ ಗಂಡ ಹೆಂಡತಿಯ ನಡುವೆ ಇವತ್ತಿಗೂ ಒಮ್ಮತವಿಲ್ಲ.

ಲೆಕ್ಕ ಹಾಕಿ ನೋಡೋಣ. ಗಂಟೆಗೆ ನೂರು ಕಿಲೋಮೀಟರ್ ವೇಗದಲ್ಲಿ, ಗಡಿಯಾರ ಉಳಿಸುವ ಆ 0.2 ಸೆಕೆಂಡಿಗೆ ಕಾರು ಹೋಗುವ ದೂರ ಐದೂವರೆ ಮೀಟರು. 911ರ ಉದ್ದವೇ ಸುಮಾರು ನಾಲ್ಕೂವರೆ ಮೀಟರು. ಗಡಿಯಾರಕ್ಕೆ ಸುರಿದ ಡಾಲರುಗಳಿಗೆಲ್ಲ ಸಿಕ್ಕಿದ್ದು ಒಂದು ಕಾರಿಗಿಂತ ಸ್ವಲ್ಪ ಹೆಚ್ಚು ಜಾಗ. ರಾಯರು ಇದನ್ನೂ ಒಪ್ಪುತ್ತಾರೆ. "ಈ ಊರಿನಲ್ಲಿ ಐದೂವರೆ ಮೀಟರ್ ಜಾಗ ಇಷ್ಟು ಅಗ್ಗಕ್ಕೆ ಯಾರು ಕೊಡ್ತಾರೆ?" ಎನ್ನುತ್ತಾರೆ. ಕ್ಯೂಪರ್ಟಿನೊದಲ್ಲಿ ಮನೆ ಹುಡುಕಿದವರು ಯಾರೂ ವಾದಕ್ಕೆ ಇಳಿಯುವುದಿಲ್ಲ.

ಆಫೀಸಿನಲ್ಲಿ ಅವರಿಗೊಬ್ಬ ಅಮೆರಿಕನ್ ಪ್ರತಿಸ್ಪರ್ಧಿ ಇದ್ದಾನೆ. ಅವನದು 2020ರ ಶೆವರ್ಲೆ ಕಾರ್ವೆಟ್, ಝಡ್51 ಪ್ಯಾಕೇಜಿನದು, ಸೊನ್ನೆಯಿಂದ ಅರವತ್ತು ಮೈಲಿಗೆ 2.9 ಸೆಕೆಂಡ್. ರಾಯರ ಬಳಿ ಇದಕ್ಕೆ ಮೂರು ಉತ್ತರಗಳಿವೆ. ಅರವತ್ತು ಮೈಲಿ ಎಂದರೆ 96.6 ಕಿಲೋಮೀಟರ್, ನೂರಲ್ಲ. ಅಮೆರಿಕದ ಕಾರು ಪತ್ರಿಕೆಗಳು ಡ್ರ್ಯಾಗ್ ರೇಸಿನ ರೂಢಿಯಂತೆ ಕಾರು ಮೊದಲ ಒಂದಡಿ ಉರುಳಿದ ಮೇಲೆ ಗಡಿಯಾರ ಶುರುಮಾಡುತ್ತವೆ, ಹಾಗಾಗಿ ಅವರ ಅಂಕಿಯನ್ನು ಅನುಮಾನಿಸಿಯೇ ಓದಬೇಕು. ಮೂರನೆಯದು ಬ್ರಹ್ಮಾಸ್ತ್ರ: ಝಡ್51 ಹಾಕಿಸಿಕೊಂಡ ಕಾರ್ವೆಟ್ಟಿನ ಗರಿಷ್ಠ ವೇಗ ಗಂಟೆಗೆ 184 ಮೈಲಿ, ಹಾಕಿಸದಿದ್ದರೆ 194! ಗೇರು ಕುದುರಿಸಿ, ರೆಕ್ಕೆ ಅಂಟಿಸಿ ಹೊರಡುವಾಗ ಗಳಿಸಿದ್ದನ್ನು ತುದಿಯಲ್ಲಿ ಬಿಟ್ಟುಕೊಟ್ಟರು ಎಂದು ರಾಯರ ವ್ಯಾಖ್ಯಾನ. ಆ ಪೀಳಿಗೆಯ ಕಾರ್ವೆಟ್ಟಿಗೆ ಮ್ಯಾನುಯಲ್ ಗೇರು ಸಿಗುವುದೇ ಇಲ್ಲ. 1953ರಲ್ಲಿ ಬಂದ ಮೊಟ್ಟಮೊದಲ ಕಾರ್ವೆಟ್ಟಿಗೂ ಎರಡೇ ಗೇರಿನ ಆಟೊಮ್ಯಾಟಿಕ್ ಬಿಟ್ಟರೆ ಬೇರೆ ಗತಿಯಿರಲಿಲ್ಲ.

ಇಷ್ಟೆಲ್ಲ ಶಸ್ತ್ರಗಳಿದ್ದ ರಾಯರು ನೆಲ ಕಚ್ಚಿದ್ದು ಪಕ್ಕದ ಮನೆಯವರ ಎದುರು. ಅವರದು ಟೆಸ್ಲಾ ಮಾಡೆಲ್ 3, ಎರಡು ಮೋಟರಿನ ಲಾಂಗ್ ರೇಂಜ್. ಹಿಂದಿನ ಸೀಟಿನಲ್ಲಿ ಮಗುವಿನ ಕುರ್ಚಿ, ಕಾಲಡಿ ಬಿಸ್ಕತ್ತಿನ ಪುಡಿ. ಗೇರುಗಳ ಆಯ್ಕೆ ಎಂಬುದೇ ಅದಕ್ಕಿಲ್ಲ. 2019ರ ಡಿಸೆಂಬರಿನಲ್ಲಿ ಕಂಪನಿ ಅದಕ್ಕೊಂದು ವೇಗವರ್ಧಕ ಸಾಫ್ಟ್‌ವೇರ್ ಮಾರಾಟಕ್ಕಿಟ್ಟಿತು. ಎರಡು ಸಾವಿರ ಡಾಲರ್ ಕಟ್ಟಿದರೆ ಕಾರು ಅಂಗಳದಲ್ಲಿ ನಿಂತಲ್ಲೇ, ಸ್ಪ್ಯಾನರ್ ಮುಟ್ಟದೆ, ಸೊನ್ನೆಯಿಂದ ಅರವತ್ತು 4.4ರಿಂದ 3.9ಕ್ಕೆ ಇಳಿಯುತ್ತದೆ. ಅಮೆರಿಕದ ಲೆಕ್ಕದಲ್ಲಿ ರಾಯರ ಕರೆರಾ, ಪಿಡಿಕೆ ಮತ್ತು ಗಡಿಯಾರ ಎರಡೂ ಸೇರಿ, 4.2. ಪಕ್ಕದ ಮನೆಯಾಕೆ ಒಗೆಯುವ ಬಟ್ಟೆ ಯಂತ್ರಕ್ಕೆ ಹಾಕುತ್ತಾ ಫೋನಿನಲ್ಲಿ ದುಡ್ಡು ಕಟ್ಟಿ ರಾಯರನ್ನು ಹಿಂದೆ ಹಾಕಿದರು. "ಅದು ಕಾರಲ್ಲ, ಮಿಕ್ಸಿ" ಎಂದರು ರಾಯರು. ವಾದ ಸೋತವರು ಹೀಗೇ ಮಾತಾಡುವುದು.

ನ್ಯಾಯವಾಗಿ ನೋಡಿದರೆ ರಾಯರ ಅಂಕಿಗಳಲ್ಲಿ ತಪ್ಪಿಲ್ಲ, ಶಾಸ್ತ್ರಿಗಳ ಸುಖದಲ್ಲೂ ತಪ್ಪಿಲ್ಲ. ಕಾಗದದ ಮೇಲೆ ಗೆಲ್ಲಬೇಕೆಂದರೆ ಪಿಡಿಕೆ, ಗಡಿಯಾರ ಎರಡನ್ನೂ ಹಾಕಿಸಿಕೊಳ್ಳಿ. ಓಡಿಸುವ ಖುಷಿಗಾದರೆ ಮ್ಯಾನುಯಲ್ ತೆಗೆದುಕೊಂಡು ಅಂಕಿಪಟ್ಟಿಯ ಕಡೆ ತಲೆ ಹಾಕಬೇಡಿ. ಆ ಪೀಳಿಗೆಯ ಕಾರನ್ನು ಸೆಕೆಂಡ್ ಹ್ಯಾಂಡ್ ಕೊಳ್ಳುವವರಿಗೆ ರಾಯರು ಬಿಟ್ಟಿಯಾಗಿ ಕೊಡುವ ಸಲಹೆ ಮಾತ್ರ ಅಪ್ಪಟ ಚಿನ್ನ: ಮಾರುವವನು 'ಸ್ಪೋರ್ಟ್' ಗುಂಡಿ ತೋರಿಸಿ ಎಲ್ಲಾ ಇದೆ ಎಂದರೆ ನಂಬಬೇಡಿ, ಅದು ಎಲ್ಲ ಕರೆರಾದಲ್ಲೂ ಇರುತ್ತದೆ. 'ಸ್ಪೋರ್ಟ್ ಪ್ಲಸ್' ಎಂಬ ಇನ್ನೊಂದು ಗುಂಡಿ ಇದ್ದರೆ ಮಾತ್ರ ಪ್ಯಾಕೇಜಿಗೆ ದುಡ್ಡು ಕೊಡಿ.